ಕಡ್ಡಿಯ ಮೇಲೆ ಏರಿದ ಆಯಿಲ್ ಲಾಭವಲ್ಲ: ಎಂಜಿನ್ ಆಯಿಲ್‌ನಲ್ಲಿ ಇಂಧನ ಬೆರಕೆ ಮತ್ತು ಅದರ ಪರೀಕ್ಷೆ

ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಲೆಕ್ಕಪತ್ರಗಳಲ್ಲಿ ಕಾರು, ಗೂಡ್ಸ್ ವಾಹನಗಳು ಸ್ಥಿರ ಆಸ್ತಿಯ ಶೀರ್ಷಿಕೆಯಡಿ ಬರುತ್ತವೆ. ಸ್ವಂತ ವ್ಯವಹಾರಕ್ಕೆ ಬಳಸುವ ವಾಹನಕ್ಕೆ ಆದಾಯ ತೆರಿಗೆಯ ನಿಯಮದಂತೆ ವರ್ಷಕ್ಕೆ ಶೇ. 15ರ ದರದಲ್ಲಿ ಸವಕಳಿ ಹಾಕುತ್ತೇವೆ. ಇದು ಕಾಗದದ ಮೇಲಿನ ಸವಕಳಿ. ನಿಜವಾದ ಸವಕಳಿ ನಡೆಯುವುದು ಎಂಜಿನ್‌ನೊಳಗಿನ ಬೇರಿಂಗು, ಪಿಸ್ಟನ್ ರಿಂಗು ಮತ್ತು ಸಿಲಿಂಡರಿನ ಗೋಡೆಗಳಲ್ಲಿ. ಅದನ್ನು ತಡೆದು ನಿಲ್ಲಿಸುವುದು ನಾಲ್ಕೈದು ಲೀಟರು ಎಂಜಿನ್ ಆಯಿಲ್. ಈ ಆಯಿಲ್‌ಗೆ ಡೀಸೆಲ್ ಅಥವಾ ಪೆಟ್ರೋಲ್ ಬೆರೆಯತೊಡಗಿದರೆ ಏನಾಗುತ್ತದೆ, ಅದನ್ನು ಸಕಾಲದಲ್ಲಿ ತಿಳಿಯುವುದು ಹೇಗೆ, ತಿಳಿಯದೆ ಹೋದರೆ ಆಗುವ ನಷ್ಟ ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಇಂಧನ ಸೋರುವ ದಾರಿ

ಹಳೆಯ ಕಾಲದ ಪೆಟ್ರೋಲ್ ಕಾರುಗಳಲ್ಲಿ ಇಂಧನವು ಗಾಳಿಯೊಡನೆ ಬೆರೆತು ಆನಂತರ ಸಿಲಿಂಡರಿನೊಳಗೆ ಹೋಗುತ್ತಿತ್ತು. ಡೈರೆಕ್ಟ್ ಇಂಜೆಕ್ಷನ್ ಪದ್ಧತಿಯಲ್ಲಿ ಇಂಧನವನ್ನು ಅಧಿಕ ಒತ್ತಡದಲ್ಲಿ ಸಿಲಿಂಡರಿನೊಳಗೇ ನೇರವಾಗಿ ಸಿಂಪಡಿಸಲಾಗುತ್ತದೆ. ಇಂದಿನ ಡೀಸೆಲ್ ಕಾರುಗಳೆಲ್ಲ ಈ ಪದ್ಧತಿಯವು. ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ವ್ಯವಸ್ಥೆ 1997ರಲ್ಲಿ ಯುರೋಪಿನ ಕಾರುಗಳಲ್ಲಿ ಬಂದಿತು. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಬಿಡದಿಯಲ್ಲಿ 2005ರಲ್ಲಿ ತಯಾರಾಗಲು ಆರಂಭವಾದ ಇನ್ನೋವಾ ವಾಹನದ ಡೀಸೆಲ್ ಎಂಜಿನ್ನೂ ಇದೇ ಬಗೆಯದು. ಪೆಟ್ರೋಲ್ ಕಾರುಗಳಲ್ಲಿಯೂ ಟರ್ಬೊ ಇರುವ ಅನೇಕ ಮಾದರಿಗಳು ಈಗ ಈ ಪದ್ಧತಿಗೆ ಬಂದಿವೆ. ಇದರಿಂದ ಮೈಲೇಜು ಮತ್ತು ಶಕ್ತಿ ಹೆಚ್ಚಿದುದು ನಿಜ. ಆದರೆ ಸಿಂಪಡಿಸಿದ ಇಂಧನದ ಸ್ವಲ್ಪ ಭಾಗ ಉರಿಯದೆ ಸಿಲಿಂಡರಿನ ಗೋಡೆಗೆ ತಾಗಿ, ರಿಂಗುಗಳ ಸಂದಿಯಿಂದ ಕೆಳಗಿಳಿದು, ಆಯಿಲ್ ಸಂಪಿಗೆ ಸೇರುವ ದಾರಿಯೂ ತೆರೆಯಿತು.

ಡೀಸೆಲ್ ವಾಹನಗಳಲ್ಲಿ 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡಗಳ ತರುವಾಯ ಈ ವಿಷಯಕ್ಕೆ ಹೆಚ್ಚಿನ ಮಹತ್ವ ಬಂದಿದೆ. ಹೊಗೆಯ ಮಸಿಯನ್ನು ಹಿಡಿದಿಡಲು ಸೈಲೆನ್ಸರ್ ಮಾರ್ಗದಲ್ಲಿ ಡಿಪಿಎಫ್ ಎಂಬ ಶೋಧಕವನ್ನು ಅಳವಡಿಸಲಾಗಿದೆ. ಮಸಿ ತುಂಬಿದಾಗ ಅದನ್ನು ಸುಟ್ಟು ಸ್ವಚ್ಛಗೊಳಿಸಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖವನ್ನು ಪಡೆಯಲು ಅನೇಕ ಎಂಜಿನ್‌ಗಳು ಒಂದು ಉಪಾಯ ಮಾಡುತ್ತವೆ. ಪಿಸ್ಟನ್ ಶಕ್ತಿ ಕೊಟ್ಟು ಕೆಳಗಿಳಿಯುತ್ತಿರುವಾಗ ಸ್ವಲ್ಪ ಡೀಸೆಲ್ಲನ್ನು ತಡವಾಗಿ ಸಿಂಪಡಿಸುತ್ತವೆ. ಈ ಡೀಸೆಲ್ ಹೊಗೆಯೊಡನೆ ಹೊರಹೋಗಿ ಶೋಧಕದ ಬಳಿ ಉರಿಯಬೇಕು. ಅಷ್ಟರಲ್ಲಿ ಗೋಡೆಗೆ ತಾಗಿದ ಭಾಗವು ಸಂಪಿಗೆ ಇಳಿದುಬಿಡುತ್ತದೆ. ಈ ಕ್ರಿಯೆಗೆ ರೀಜನರೇಷನ್ ಎಂದು ಹೆಸರು. ಅದು ಪೂರ್ಣಗೊಳ್ಳುವ ಮುನ್ನವೇ ಚಾವಿ ತೆಗೆದರೆ ಶೋಧಕ ಸ್ವಚ್ಛವಾಗುವುದಿಲ್ಲ. ಮುಂದಿನ ಓಟದಲ್ಲಿ ಎಂಜಿನ್ ಮತ್ತೆ ಅದೇ ಪ್ರಯತ್ನ ಮಾಡುತ್ತದೆ, ಮತ್ತೆ ಡೀಸೆಲ್ ಇಳಿಯುತ್ತದೆ.

ಡೀಸೆಲ್ಲಿನ ಇನ್ನೊಂದು ಗುಣವನ್ನು ನೆನಪಿನಲ್ಲಿಡಬೇಕು. ಅದರ ಹೆಚ್ಚಿನ ಭಾಗ 180ರಿಂದ 360 ಡಿಗ್ರಿಗಳ ನಡುವೆ ಕುದಿಯುವಂಥದು. ಸಂಪಿನಲ್ಲಿರುವ ಆಯಿಲ್ ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದಕಾರಣ ಒಮ್ಮೆ ಇಳಿದ ಡೀಸೆಲ್ ಬಹುಮಟ್ಟಿಗೆ ಅಲ್ಲಿಯೇ ಉಳಿದುಬಿಡುತ್ತದೆ. ಪೆಟ್ರೋಲಿನ ವಿಷಯ ಬೇರೆ. ಅದರ ಹಗುರ ಭಾಗಗಳು ದೀರ್ಘ ಓಟದಲ್ಲಿ ಆಯಿಲ್ ಬಿಸಿಯೇರಿದಾಗ ಆವಿಯಾಗಿ ಹೊರಹೋಗುತ್ತವೆ. ಇಂದು ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಇದು ಸಂತೋಷದ ವಿಷಯವೇ. ಆದರೆ ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ಎಂಜಿನ್ ತಣ್ಣಗಿರುವಾಗ ಅದು ದ್ರವರೂಪದಲ್ಲಿಯೇ ಗೋಡೆಗೆ ತಾಗುವ ಸಂಭವ ಹೆಚ್ಚು. ಅದು ಕುದಿಯುವುದು 78 ಡಿಗ್ರಿಯಲ್ಲಿ. ಆಯಿಲ್ ಆ ಮಟ್ಟಕ್ಕೆ ಬಿಸಿಯಾಗಿ ಸ್ವಲ್ಪ ಹೊತ್ತು ಓಡಿದರೆ ಎಥನಾಲ್ ಹೊರಹೋಗುತ್ತದೆ, ಬಿಸಿಯಾಗದಿದ್ದರೆ ಉಳಿಯುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳ ಓಟದ ರೀತಿ

2018ರಲ್ಲಿ ಚೀನಾ ಮತ್ತು ಅಮೆರಿಕ ದೇಶಗಳ ಶೀತಪ್ರದೇಶಗಳಲ್ಲಿ ಹೋಂಡಾ ಸಿಆರ್-ವಿ ಕಾರಿನ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಆಯಿಲ್ ಮಟ್ಟ ಏರುತ್ತಿದೆಯೆಂಬ ದೂರುಗಳು ಬಂದವು. ಕಂಪನಿಯು ಎಂಜಿನ್ ನಿಯಂತ್ರಣದ ಸಾಫ್ಟ್‌ವೇರ್ ಬದಲಾಯಿಸಬೇಕಾಯಿತು, ವಾರಂಟಿಯನ್ನೂ ವಿಸ್ತರಿಸಬೇಕಾಯಿತು. ನಮ್ಮಲ್ಲಿ ಅಂಥ ಚಳಿ ಇಲ್ಲವೆಂದು ಸಮಾಧಾನಪಡುವಂತಿಲ್ಲ. ಚಳಿ ಮಾಡುವ ಕೆಲಸವನ್ನೇ ಅಲ್ಪದೂರದ ಓಟವೂ ಮಾಡುತ್ತದೆ.

ನಮ್ಮ ಸದಸ್ಯರ ವಾಹನಗಳ ದಿನಚರಿಯನ್ನು ನೋಡಿರಿ. ಶ್ರೀರಂಗಪಟ್ಟಣದ ಪೇಟೆಯಿಂದ ಗಂಜಾಂಗೆ, ಅಲ್ಲಿಂದ ಬಾಬುರಾಯನಕೊಪ್ಪಲಿಗೆ, ಮತ್ತೆ ಅಂಗಡಿಗೆ. ಪಾಂಡವಪುರ ಪಟ್ಟಣದಿಂದ ರೈಲ್ವೆ ನಿಲ್ದಾಣಕ್ಕೆ ಹೋಗಿ ಬರುವುದು. ಕೆ.ಆರ್. ಪೇಟೆಯಲ್ಲಿ ಮಾರುಕಟ್ಟೆಯಿಂದ ಗೋದಾಮಿಗೆ, ನಾಗಮಂಗಲದಲ್ಲಿ ಎರಕದ ಶೆಡ್ಡಿನಿಂದ ಬ್ಯಾಂಕಿಗೆ. ಪ್ರತಿಯೊಂದು ಓಟವೂ ಎರಡು ಮೂರು ಅಥವಾ ನಾಲ್ಕೈದು ಕಿಲೋಮೀಟರು. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆಯ ಕಡೆಗೂ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಡೆಗೂ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವುದು ಎಲ್ಲರ ಅನುಭವ. ನೀರಿನ ಉಷ್ಣಾಂಶ ತೋರಿಸುವ ಮುಳ್ಳು ನಡುಮಟ್ಟಕ್ಕೆ ಬಂದ ಮೇಲೂ ಆಯಿಲ್ ಪೂರ್ಣ ಬಿಸಿಯಾಗಲು ಇನ್ನಷ್ಟು ಸಮಯ ಬೇಕು. ಅಷ್ಟರಲ್ಲಿ ಊರು ಬಂದಿರುತ್ತದೆ, ಎಂಜಿನ್ ಆರಿಸಿರುತ್ತೇವೆ.

ಬೆಂಗಳೂರಿಗೆ ವಾರಕ್ಕೊಮ್ಮೆ ಹೋಗಿ ಬರುವ ಕಾರಿಗೂ ಊರಿನೊಳಗೇ ಸುತ್ತುವ ಕಾರಿಗೂ ಕಿಲೋಮೀಟರ್ ಲೆಕ್ಕ ಒಂದೇ ಇರಬಹುದು. ಆದರೆ ಅವೆರಡರ ಆಯಿಲ್ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಕಾರು ತಯಾರಕರ ಕೈಪಿಡಿಗಳಲ್ಲಿ ಅಲ್ಪದೂರದ ಓಟ, ಧೂಳು, ನಿಂತು ಸಾಗುವ ಸಂಚಾರ ಇವುಗಳನ್ನು ಕಠಿಣ ಬಳಕೆಯ ಗುಂಪಿಗೆ ಸೇರಿಸಿ, ಆಯಿಲನ್ನು ಬೇಗ ಬದಲಾಯಿಸಲು ಸೂಚಿಸಿರುತ್ತಾರೆ. ಆ ಪುಟವನ್ನು ಓದುವವರು ಕಡಿಮೆ.

ತಾಳೆಯಾದ ತಾಳೆಪಟ್ಟಿಯನ್ನು ನಂಬಬಾರದು

ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು ಮಾತು ಬರುತ್ತದೆ: ತಾಳೆಪಟ್ಟಿಯ ಎರಡೂ ಬದಿಗಳು ಕೂಡಿದ ಮಾತ್ರಕ್ಕೆ ಲೆಕ್ಕ ಸರಿಯೆಂದು ಹೇಳಲಾಗದು. ಒಂದು ಖಾತೆಯಲ್ಲಿ ಸಾವಿರ ರೂಪಾಯಿ ಹೆಚ್ಚಾಗಿ, ಇನ್ನೊಂದರಲ್ಲಿ ಅಷ್ಟೇ ಹೆಚ್ಚಾಗಿ ಎದುರು ಬದಿಗೆ ಬಿದ್ದಿದ್ದರೆ ತಾಳೆಪಟ್ಟಿ ಕೂಡುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ಇವಕ್ಕೆ ಸರಿದೂಗಿಸುವ ತಪ್ಪುಗಳೆಂದು ಹೆಸರು. ಎಂಜಿನ್ ಆಯಿಲ್‌ನಲ್ಲಿಯೂ ಇಂಥ ಮೂರು ತಪ್ಪುಗಳಿವೆ.

ಮೊದಲನೆಯದು ಮಟ್ಟದ ತಪ್ಪು. ಐದು ಲೀಟರ್ ಆಯಿಲ್‌ನಲ್ಲಿ ಶೇ. 5ರಷ್ಟು ಡೀಸೆಲ್ ಎಂದರೆ ಸುಮಾರು 250 ಮಿಲಿಲೀಟರು. ಅದೇ ಅವಧಿಯಲ್ಲಿ ಎಂಜಿನ್ 250 ಮಿಲಿಲೀಟರ್ ಆಯಿಲನ್ನು ಸುಟ್ಟಿದ್ದರೆ ಡಿಪ್‌ಸ್ಟಿಕ್ ಎಂಬ ಅಳತೆಕಡ್ಡಿಯ ಮೇಲಿನ ಗುರುತು ಅಲ್ಲಿಯೇ ನಿಲ್ಲುತ್ತದೆ. ‘ನಮ್ಮ ಗಾಡಿ ಹನಿ ಆಯಿಲನ್ನೂ ತಿನ್ನುವುದಿಲ್ಲ’ ಎಂದು ಹೆಮ್ಮೆಪಡುವವರು ಈ ಸಾಧ್ಯತೆಯನ್ನು ಯೋಚಿಸಬೇಕು. ಬಳಸುತ್ತ ಹೋದಂತೆ ಎಂಜಿನ್‌ನಲ್ಲಿ ಆಯಿಲ್ ಸ್ವಲ್ಪ ಇಳಿಯುವುದು ಸಹಜ. ಕಡ್ಡಿಯ ಮೇಲೆ ಅದು ಏರಿದರೆ, ಯಾರೂ ಸುರಿಯದೆ ಏರಿದ್ದು ಎಲ್ಲಿಂದ ಬಂದಿತೆಂದು ಕೇಳಬೇಕು. ನಗದು ಪೆಟ್ಟಿಗೆಯಲ್ಲಿ ಲೆಕ್ಕಕ್ಕಿಂತ ಹೆಚ್ಚು ಹಣ ಕಂಡರೂ ಕಾರಣ ಹುಡುಕುವವನೇ ಒಳ್ಳೆಯ ವರ್ತಕ. ಜಪಾನಿನ ಮಾಜ್ದಾ ಕಂಪನಿಯು ತನ್ನ ಡೀಸೆಲ್ ಕಾರುಗಳ ಅಳತೆಕಡ್ಡಿಯಲ್ಲಿ ಗರಿಷ್ಠ ಗುರುತಿನ ಮೇಲೆ ‘ಎಕ್ಸ್’ ಎಂಬ ಇನ್ನೊಂದು ಗುರುತು ಹಾಕಿ, ಆಯಿಲ್ ಅಲ್ಲಿಗೆ ಏರಿದರೆ ಕೂಡಲೇ ಬದಲಾಯಿಸಲು ಹೇಳುತ್ತದೆ.

ಎರಡನೆಯದು ಗಡಸಿನ ತಪ್ಪು. ಡೀಸೆಲ್ ಬೆರೆತರೆ ಆಯಿಲ್ ತೆಳುವಾಗುತ್ತದೆ. ಮಸಿ ಸೇರಿದರೆ ಮತ್ತು ಶಾಖದಿಂದ ಹಳತಾದರೆ ದಪ್ಪವಾಗುತ್ತದೆ. ಎರಡೂ ಒಟ್ಟಿಗೆ ನಡೆದಾಗ ಆಯಿಲ್‌ನ ಸ್ನಿಗ್ಧತೆ ಸರಿಯಾಗಿಯೇ ಇರುವಂತೆ ಕಾಣಬಹುದು. ಬೆರಳಿನ ನಡುವೆ ಉಜ್ಜಿ ‘ಇನ್ನೂ ಗಟ್ಟಿ ಇದೆ’ ಎಂದು ಮೆಕ್ಯಾನಿಕ್ ಹೇಳುವ ಮಾತನ್ನು ಈ ಕಾರಣಕ್ಕೆ ನೆಚ್ಚಲಾಗದು.

ಮೂರನೆಯದು ನಡುವೆ ಸುರಿಯುವ ಹೊಸ ಆಯಿಲ್. ಅರ್ಧ ಲೀಟರ್ ಹೊಸದನ್ನು ಸೇರಿಸಿದಾಗ ಇಂಧನದ ಪ್ರಮಾಣ, ಸವೆದ ಲೋಹದ ಪ್ರಮಾಣ ಎರಡೂ ತಗ್ಗಿದಂತೆ ತೋರುತ್ತವೆ. ಸುರಿದುದನ್ನು ಬರೆದಿಡದಿದ್ದರೆ ಮುಂದೆ ಮಾಡಿಸುವ ಪರೀಕ್ಷೆಯ ವರದಿ ಸುಳ್ಳು ಸಮಾಧಾನ ಕೊಡುತ್ತದೆ.

ಒಟ್ಟಿನಲ್ಲಿ ಅಳತೆಕಡ್ಡಿ ತಾಳೆಪಟ್ಟಿಯಿದ್ದಂತೆ, ಪ್ರಯೋಗಾಲಯದ ಆಯಿಲ್ ಪರೀಕ್ಷೆ ಲೆಕ್ಕಪರಿಶೋಧನೆಯಿದ್ದಂತೆ. ಮೊದಲನೆಯದು ಪ್ರತಿವಾರ ಬೇಕು. ಎರಡನೆಯದು ವರ್ಷಕ್ಕೊಮ್ಮೆಯಾದರೂ ಬೇಕು.

ವರದಿಯನ್ನು ಓದುವ ಬಗೆ

ಆಯಿಲ್ ಪರೀಕ್ಷೆ ಹೊಸ ವಿದ್ಯೆಯಲ್ಲ. 1946ರಲ್ಲಿಯೇ ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ರೈಲ್ವೆಯು ಬಳಸಿದ ಆಯಿಲ್‌ನಲ್ಲಿರುವ ಲೋಹದ ಅಂಶವನ್ನು ಅಳೆದು ಡೀಸೆಲ್ ರೈಲು ಎಂಜಿನ್‌ಗಳ ದೋಷವನ್ನು ಮುಂಚಿತವಾಗಿ ಪತ್ತೆ ಮಾಡಿತು. ನಮ್ಮ ಭಾರತೀಯ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿಯೂ ಈ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಸಾಮಾನ್ಯ ವರದಿಯಲ್ಲಿ ಕೆಳಗಿನ ಅಂಶಗಳಿರುತ್ತವೆ.

1. ಸ್ನಿಗ್ಧತೆ: 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದಿದ್ದರೆ ಹೊಸ ಆಯಿಲ್ 9.3ರಿಂದ 12.5ರೊಳಗೆ ಇರಬೇಕು. ಕೊನೆಯ ಸಂಖ್ಯೆ 40 ಆಗಿದ್ದರೆ 12.5ರಿಂದ 16.3ರೊಳಗೆ ಇರಬೇಕು. ಶೇ. 5ರಷ್ಟು ಡೀಸೆಲ್ ಬೆರೆತರೆ 40ರ ದರ್ಜೆಯ ಆಯಿಲ್ 30ರ ದರ್ಜೆಗೆ ಇಳಿದುಹೋಗಬಹುದು. ಎಂದರೆ ಹಣ ಕೊಟ್ಟು ಕೊಂಡ ಒಂದು ದರ್ಜೆ ಹೋದಂತೆಯೇ.

2. ಇಂಧನದ ಪ್ರಮಾಣ: ಇದನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿ ವಿಧಾನದಿಂದ ಅಳೆದರೆ ಹೆಚ್ಚು ನಂಬಲರ್ಹ. ಶೇ. 2ರೊಳಗಿದ್ದರೆ ಚಿಂತೆಯಿಲ್ಲ, 2ರಿಂದ 5ರವರೆಗೆ ಎಚ್ಚರ, 5ನ್ನು ಮೀರಿದರೆ ಆಯಿಲ್ ಬದಲಾಯಿಸಿ ಕಾರಣ ಹುಡುಕುವುದು ಎಂಬುದು ಸಾಮಾನ್ಯ ರೂಢಿ. ತಯಾರಕರು ಬೇರೆ ಮಿತಿ ಕೊಟ್ಟಿದ್ದರೆ ಅದೇ ಅಂತಿಮ.

3. ಜ್ವಲನ ಬಿಂದು: ಹೊಸ ಆಯಿಲ್‌ನ ಆವಿ ಹೊತ್ತಿಕೊಳ್ಳಲು ಸಾಮಾನ್ಯವಾಗಿ 200 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಇಂಧನ ಬೆರೆತಾಗ ಈ ಅಂಕಿ ಗಣನೀಯವಾಗಿ ಇಳಿಯುತ್ತದೆ.

4. ಲೋಹಗಳು: ಕಬ್ಬಿಣ ಹೆಚ್ಚಿದರೆ ಸಿಲಿಂಡರು ಮತ್ತು ಕ್ರ್ಯಾಂಕ್ ಭಾಗಗಳ ಸವೆತ. ಅಲ್ಯುಮಿನಿಯಂ ಹೆಚ್ಚಿದರೆ ಪಿಸ್ಟನ್. ತಾಮ್ರ, ಸೀಸ, ತವರ ಕಂಡರೆ ಬೇರಿಂಗುಗಳ ಕಡೆ ನೋಡಬೇಕು. ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರ್ ಮೂಲಕ ಧೂಳು ಬರುತ್ತಿದೆಯೇ ಎಂದು ಪರಿಶೀಲಿಸಬೇಕು.

5. ಮಸಿ, ನೀರು ಮತ್ತು ಕ್ಷಾರಾಂಶ: ಆಮ್ಲವನ್ನು ತಡೆಯುವ ಕ್ಷಾರಾಂಶ ಎಷ್ಟು ಉಳಿದಿದೆ ಎಂಬುದು ಆಯಿಲ್‌ನ ಉಳಿದ ಆಯುಷ್ಯವನ್ನು ಸೂಚಿಸುತ್ತದೆ.

ಇವುಗಳನ್ನು ಬಿಡಿಬಿಡಿಯಾಗಿ ಓದಬಾರದು. ಇಂಧನ ಶೇ. 4, ಲೋಹಗಳು ಸಹಜ ಎಂದಿದ್ದರೆ ಓಟದ ರೀತಿಯನ್ನು ತಿದ್ದಿಕೊಳ್ಳಲು ಸಮಯವಿದೆ. ಇಂಧನ ಶೇ. 4, ಜೊತೆಗೆ ಸೀಸ ಮತ್ತು ತಾಮ್ರವೂ ಏರಿದ್ದರೆ ತೆಳುವಾದ ಆಯಿಲ್ ಬೇರಿಂಗನ್ನು ಕಾಯುತ್ತಿಲ್ಲ ಎಂದರ್ಥ. ಹಾಗೆಯೇ, ಎರಡು ಮೂರು ವರದಿಗಳಲ್ಲಿ ಇಂಧನ ನಿಧಾನವಾಗಿ ಏರುತ್ತಿದ್ದರೆ ಬಹುಶಃ ಅಲ್ಪದೂರದ ಓಟವೇ ಕಾರಣ. ಒಮ್ಮೆಗೇ ಜಿಗಿದರೆ ಸೋರುವ ಇಂಜೆಕ್ಟರನ್ನೋ ಅಧಿಕ ಒತ್ತಡದ ಪಂಪನ್ನೋ ಶಂಕಿಸಬೇಕು. ಆದುದರಿಂದ ಒಂದು ವರದಿಗಿಂತ ವರದಿಗಳ ಸರಣಿಗೆ ಬೆಲೆ ಹೆಚ್ಚು. ಒಂದೇ ವರ್ಷದ ಆಸ್ತಿ-ಹೊಣೆ ಪಟ್ಟಿಯಿಂದ ವ್ಯಾಪಾರದ ದಿಕ್ಕು ತಿಳಿಯದಷ್ಟೆ.

ಮಾದರಿ ತೆಗೆಯುವ ಕ್ರಮ

ವರದಿಯ ಸತ್ಯ ಮಾದರಿಯ ಶುದ್ಧಿಯನ್ನು ಅವಲಂಬಿಸಿದೆ. ಎಂಜಿನ್ ಬಿಸಿಯಾಗಿರುವಾಗಲೇ, ಆಯಿಲ್ ಬದಲಾಯಿಸುವ ವೇಳೆ ಮಾದರಿ ತೆಗೆಯಬೇಕು. ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೊದಲು ಬರುವ ಕೊಳೆಯನ್ನು ಬಿಟ್ಟು, ನಡುವಿನ ಧಾರೆಯಿಂದ ಪ್ರಯೋಗಾಲಯದವರು ಕೊಟ್ಟ ಒಣಗಿದ ಸ್ವಚ್ಛ ಸೀಸೆಗೆ ಹಿಡಿದು ಕೂಡಲೇ ಬಿಗಿಯಾಗಿ ಮುಚ್ಚಳ ಹಾಕಬೇಕು. ತೆರೆದ ಡಬ್ಬಿಯಲ್ಲಿಟ್ಟರೆ ಪೆಟ್ರೋಲಿನ ಅಂಶ ಹಾರಿಹೋಗುತ್ತದೆ. ಸೀಸೆಯ ಮೇಲೆ ವಾಹನದ ಸಂಖ್ಯೆ, ಮೀಟರಿನ ಕಿಲೋಮೀಟರು, ಆಯಿಲ್ ಹಾಕಿದ ಮೇಲೆ ಓಡಿದ ದೂರ ಮತ್ತು ತಿಂಗಳು, ಆಯಿಲ್‌ನ ಹೆಸರು ಹಾಗೂ ದರ್ಜೆ, ನಡುವೆ ಸುರಿದ ಪ್ರಮಾಣ ಇಷ್ಟನ್ನು ಬರೆಯಬೇಕು. ಅದೇ ಆಯಿಲ್‌ನ ಹೊಸ ಡಬ್ಬಿಯಿಂದ ಒಂದು ಮಾದರಿಯನ್ನೂ ಕಳುಹಿಸಿದರೆ ಹೋಲಿಕೆಗೆ ಪ್ರಾರಂಭಿಕ ಶಿಲ್ಕು ಸಿಕ್ಕಂತಾಗುತ್ತದೆ. ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯವನ್ನೇ ಆರಿಸಿ, ಇಂಧನದ ಪ್ರಮಾಣದ ಪರೀಕ್ಷೆ ಶುಲ್ಕದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು.

ನಷ್ಟ ಯಾರ ಖಾತೆಗೆ?

ಈ ಪರೀಕ್ಷೆಗೆ ಖರ್ಚು ಮಾಡಬೇಕೇ ಎಂದು ಕೇಳುವವರಿದ್ದಾರೆ. ಮಾಡದಿದ್ದರೆ ಎಂಜಿನ್ ಕೆಟ್ಟಾಗ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ವಿಮೆ: ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸವೆತ, ಸವಕಳಿ, ಯಾಂತ್ರಿಕ ಕೆಡುಕು ಇವುಗಳನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಪಡೆದವರೂ ಅದರ ಷರತ್ತುಗಳನ್ನು ಓದದೆ ಭರವಸೆಯಿಡಬಾರದು.

ವಾರಂಟಿ: ಕಾಲಕಾಲಕ್ಕೆ ನಿಗದಿತ ದರ್ಜೆಯ ಆಯಿಲ್ ಹಾಕಿಸಿದ ಬಿಲ್ಲುಗಳಿಲ್ಲದೆ ಹೋದರೆ ತಯಾರಕರು ಕೋರಿಕೆಯನ್ನು ತಳ್ಳಿಹಾಕಲು ಅವಕಾಶವಿದೆ. ಬಿಲ್ಲುಗಳ ಜೊತೆಗೆ ಪ್ರಯೋಗಾಲಯದ ವರದಿಯೂ ಇದ್ದರೆ, ದೋಷ ಬಳಕೆಯದಲ್ಲ, ಇಂಜೆಕ್ಟರಿನದು ಎಂದು ವಾದಿಸಲು ಒಂದು ಲಿಖಿತ ಸಾಕ್ಷ್ಯ ದೊರೆತಂತಾಗುತ್ತದೆ.

ಜಿಎಸ್‌ಟಿ: ಚಾಲಕನೂ ಸೇರಿ 13 ಜನರವರೆಗೆ ಕೂರಬಹುದಾದ ಪ್ರಯಾಣಿಕ ವಾಹನಗಳ ದುರಸ್ತಿ, ನಿರ್ವಹಣೆ ಸೇವೆಗಳ ಮೇಲಿನ ತೆರಿಗೆಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾಯಿದೆಯ 17(5)ನೇ ಕಲಮಿನಂತೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಸರಕು ಸಾಗಿಸುವ ವಾಹನಕ್ಕೆ ಸಿಗುತ್ತದೆ. ಆದರೆ ಗ್ಯಾರೇಜಿನ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಯಾವುದಕ್ಕೂ ಸಿಗದು.

ಆದಾಯ ತೆರಿಗೆ: ನಿಯಮಿತ ಲೆಕ್ಕ ಇಡುವವರಿಗೆ ಆಯಿಲ್ ಮತ್ತು ಪರೀಕ್ಷೆಯ ವೆಚ್ಚ, ವ್ಯವಹಾರಕ್ಕೆ ಬಳಸಿದ ಮಟ್ಟಿಗೆ, ರಾಜಸ್ವ ವೆಚ್ಚವಾಗಿ ಕಳೆಯಲು ಬರುತ್ತದೆ. ಇಡೀ ಎಂಜಿನ್ ಬದಲಾಯಿಸಿದಾಗ ಅದು ದುರಸ್ತಿಯೋ ಬಂಡವಾಳ ವೆಚ್ಚವೋ ಎಂಬ ಪ್ರಶ್ನೆ ಏಳಬಹುದು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿ ತರುವ ವೆಚ್ಚವಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಇನ್ನು ಅಂದಾಜು ಆದಾಯದ ಯೋಜನೆಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರು ಮತ್ತು ಗೂಡ್ಸ್ ವಾಹನದ ಮಾಲೀಕರಿಗೆ ದುರಸ್ತಿಯೆಂದು ಪ್ರತ್ಯೇಕವಾಗಿ ಏನನ್ನೂ ಕಳೆಯಲು ಬರುವುದಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಸದಸ್ಯರಲ್ಲಿ ಹಲವರು ಈ ವರ್ಗಕ್ಕೆ ಸೇರಿದವರು. ಅವರ ಮಟ್ಟಿಗೆ ಎಂಜಿನ್ ನಷ್ಟವೆಂದರೆ ಪೂರ್ತಿ ಕೈಯಿಂದಲೇ ಹೋಗುವ ಹಣ. ವಿಮೆ, ಕ್ರೆಡಿಟ್, ತೆರಿಗೆ ಉಳಿತಾಯ ಯಾವುದೂ ಅದರ ಭಾರವನ್ನು ಹಂಚಿಕೊಳ್ಳುವುದಿಲ್ಲ. ಗಾಡಿ ಗ್ಯಾರೇಜಿನಲ್ಲಿ ನಿಂತಿರುವಷ್ಟು ದಿನವೂ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

ಅ) ವಾರಕ್ಕೊಮ್ಮೆ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ, ಸಮತಟ್ಟಾದ ಒಂದೇ ಜಾಗದಲ್ಲಿ ಅಳತೆಕಡ್ಡಿ ನೋಡಿ ಮಟ್ಟವನ್ನು ಪುಸ್ತಕದಲ್ಲಿ ಬರೆಯಿರಿ. ಚಾಲಕನಿದ್ದರೆ ಅವನ ಸಹಿ ಹಾಕಿಸಿರಿ. ಮಟ್ಟ ಗರಿಷ್ಠ ಗುರುತನ್ನು ದಾಟಿದರೆ ಓಡಿಸದೆ ಸರ್ವೀಸಿನವರನ್ನು ಕೇಳಿರಿ. ಡೀಸೆಲ್ ಎಂಜಿನ್ ಆ ಹೆಚ್ಚಿನ ಆಯಿಲನ್ನೇ ಎಳೆದುಕೊಂಡು ಹಿಡಿತ ತಪ್ಪಿ ಓಡುವ ಅಪಾಯವೂ ಉಂಟು.

ಆ) ಡಿಪಿಎಫ್ ದೀಪ ಹೊತ್ತಿದಾಗ ಕೈಪಿಡಿಯಲ್ಲಿ ಹೇಳಿದ ವೇಗದಲ್ಲಿ, ಹೇಳಿದಷ್ಟು ಹೊತ್ತು, ನಿಲ್ಲಿಸದೆ ಓಡಿಸಿರಿ. ಶ್ರೀರಂಗಪಟ್ಟಣದವರಿಗೆ ಮಂಡ್ಯದ ಹೆದ್ದಾರಿ, ಪಾಂಡವಪುರದವರಿಗೆ ಜಕ್ಕನಹಳ್ಳಿಯ ಕಡೆಯ ರಸ್ತೆ, ನಾಗಮಂಗಲದವರಿಗೆ ಬೆಳ್ಳೂರು ಕ್ರಾಸ್‌ವರೆಗಿನ ರಸ್ತೆ, ಕೆ.ಆರ್. ಪೇಟೆಯವರಿಗೆ ಕಿಕ್ಕೇರಿಯ ಕಡೆಯ ರಸ್ತೆ ಇದಕ್ಕೆ ಅನುಕೂಲ. ದೀಪ ಹೊತ್ತುವವರೆಗೂ ಕಾಯದೆ ವಾರಕ್ಕೊಂದು ದೀರ್ಘ ಓಟವನ್ನು ವ್ಯವಹಾರದ ಕೆಲಸಕ್ಕೇ ಹೊಂದಿಸಿಕೊಂಡರೆ ಇಂಧನ ವ್ಯರ್ಥವಾಗದು.

ಇ) ದಿನದ ಸಣ್ಣ ಓಟಗಳನ್ನು ಒಟ್ಟುಗೂಡಿಸಿರಿ. ಬ್ಯಾಂಕು, ಗೋದಾಮು, ಗಿರಾಕಿ ಮೂರಕ್ಕೂ ಒಂದೇ ಸುತ್ತಿನಲ್ಲಿ ಹೋಗಿ ಬಂದರೆ ಎಂಜಿನ್ ಮೂರು ಬಾರಿ ತಣ್ಣಗಾಗುವುದು ತಪ್ಪುತ್ತದೆ.

ಈ) ಆಯಿಲ್ ಬದಲಾವಣೆಯಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡರಲ್ಲಿ ಯಾವುದು ಮೊದಲೋ ಅದನ್ನು ಪಾಲಿಸಿರಿ. ಡಿಪಿಎಫ್ ಇರುವ ವಾಹನಕ್ಕೆ ಬೂದಿ ಕಡಿಮೆಯಿರುವ, ಕೈಪಿಡಿ ಸೂಚಿಸಿದ ದರ್ಜೆಯ ಆಯಿಲನ್ನೇ ಹಾಕಿಸಿರಿ. ಅಗ್ಗದ ಬೇರೆ ಆಯಿಲ್‌ನ ಬೂದಿ ಶೋಧಕದಲ್ಲಿ ಕಟ್ಟಿಕೊಂಡು ರೀಜನರೇಷನ್ ಹೆಚ್ಚುತ್ತದೆ, ಅದರೊಡನೆ ಇಂಧನ ಬೆರಕೆಯೂ ಹೆಚ್ಚುತ್ತದೆ.

ಉ) ಡಿಪಿಎಫ್ ತೆಗೆಸಿಹಾಕುವ ಸಲಹೆಗೆ ಕಿವಿಗೊಡಬೇಡಿರಿ. ಅದು ಕಾನೂನಿಗೆ ವಿರುದ್ಧ, ವಾರಂಟಿಗೂ ಮಾರಕ.

ಊ) ಹೊಸ ವಾಹನ ಕೊಳ್ಳುವಾಗ ನಿಮ್ಮ ನಿತ್ಯದ ಓಟವನ್ನು ಮೊದಲು ಲೆಕ್ಕ ಹಾಕಿರಿ. ದಿನವೂ ಊರೊಳಗೇ ಸುತ್ತುವವರಿಗೆ ಡೀಸೆಲ್ಲಿನ ಮೈಲೇಜು ಕಾಗದದಲ್ಲಿ ತೋರುವಷ್ಟು ಲಾಭ ತರುವುದಿಲ್ಲ.

ಒಬ್ಬೊಬ್ಬರೇ ಒಂದೊಂದು ಸೀಸೆಯನ್ನು ಬೆಂಗಳೂರಿಗೆ ಕಳುಹಿಸುವುದು ತೊಡಕಿನ ಕೆಲಸವೆನಿಸಬಹುದು. ನಾಲ್ಕು ತಾಲ್ಲೂಕುಗಳ ಸದಸ್ಯರು ತಮ್ಮ ಕಾರು, ಗೂಡ್ಸ್ ವಾಹನ ಹಾಗೂ ಕಾರ್ಖಾನೆಯ ಡೀಸೆಲ್ ಜನರೇಟರುಗಳ ಮಾದರಿಗಳನ್ನು ಒಂದು ಗೊತ್ತಾದ ದಿನ ಒಟ್ಟುಗೂಡಿಸಿ ಕಳುಹಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ, ಶುಲ್ಕದಲ್ಲಿ ರಿಯಾಯಿತಿ ಕೇಳಲೂ ಬಾಯಿ ಬರುತ್ತದೆ. ಈ ಬಗ್ಗೆ ಮಂಡಳಿಯ ತಾಲ್ಲೂಕು ಪ್ರತಿನಿಧಿಗಳು ಮುಂದಿನ ಸಭೆಯಲ್ಲಿ ವಿಚಾರ ಮಾಡುವುದು ಯುಕ್ತ. ಅಲ್ಲಿಯವರೆಗೆ ಪ್ರತಿಯೊಬ್ಬರೂ ನಾಳೆ ಬೆಳಿಗ್ಗೆ ಅಳತೆಕಡ್ಡಿಯನ್ನು ಹೊರತೆಗೆದು ಮೊದಲ ನಮೂದನ್ನು ಬರೆದಿಡಬಹುದು. ಅದಕ್ಕೆ ಖರ್ಚೇನೂ ಇಲ್ಲ.